ಕೈ ಬೀಸಿ ನಡೆದವರ ಕಂದಾಯ

ಹೊಸನಗರ ತಾಲೂಕಿನ ನಗರದಲ್ಲಿ ಹಿಂದೆ ಒಂದು ಜಾಗವಿತ್ತು. ಅದನ್ನು ದಾಟುವಾಗ ಎರಡೂ ಕೈಗಳನ್ನು ಮೈಗೆ ಒತ್ತಿ ಹಿಡಿದುಕೊಂಡು ನಡೆಯಬೇಕು. ಕೈ ಬೀಸಿದರೆ ಕಂದಾಯ. ಇದು ಅಜ್ಜಿಕಥೆಯಲ್ಲ, ಮೈಸೂರು ಸಂಸ್ಥಾನದ ಗೆಜೆಟಿಯರಿನಲ್ಲಿ ಅಚ್ಚಾಗಿರುವ ಸಂಗತಿ. ಅದರ ಜೊತೆಗೇ ಇನ್ನೊಂದಿದೆ. ಒಂದು ಊರಿನವರು ತಲೆತಲಾಂತರದಿಂದ ಒಂದು ತೆರಿಗೆ ಕಟ್ಟುತ್ತಿದ್ದರು. ಯಾವುದೋ ಕಾಲದಲ್ಲಿ ಪಾಳೇಗಾರನ ಕುದುರೆ ತಪ್ಪಿಸಿಕೊಂಡಿತ್ತು, ಊರಿನ ಹಿರಿಯರಿಗೆ ಅದನ್ನು ಹುಡುಕಿಕೊಡಲು ಆಗಿರಲಿಲ್ಲ, ಅಷ್ಟೇ ಕಾರಣ. ಕುದುರೆ ಸತ್ತಿತು, ಪಾಳೇಗಾರ ಸತ್ತ, ತೆರಿಗೆ ಸಾಯಲಿಲ್ಲ. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ, ಮಗುವಿನ ತಲೆಕೂದಲು ತೆಗೆಸಿದರೆ ತೆರಿಗೆ. ಇಂಥ ಚಿಲ್ಲರೆ ಬಾಬುಗಳು ಒಂದೆರಡಲ್ಲ, 769 ಇದ್ದವು.

ಅವನ್ನೆಲ್ಲ ರದ್ದು ಮಾಡಿದವನು ಒಬ್ಬ ಬಿಳಿಯ. ಹೆಸರು ಮಾರ್ಕ್ ಕಬ್ಬನ್. ಅವನ ಕಂಚಿನ ಪ್ರತಿಮೆ ಬೆಂಗಳೂರಿನ ಹೈಕೋರ್ಟಿನ ಮುಂದೆ ಕುದುರೆಯ ಮೇಲೆ ಕೂತಿತ್ತು. 2020ರ ಜೂನ್ ಕೊನೆಯಲ್ಲಿ ಅದನ್ನು ಅಲ್ಲಿಂದ ಎತ್ತಿ ಕಬ್ಬನ್ ಉದ್ಯಾನದೊಳಕ್ಕೆ ಸಾಗಿಸಿದರು.

ಆ ತಿಂಗಳನ್ನು ಮರೆಯುವ ಹಾಗಿಲ್ಲ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನಡಿ ಸಿಕ್ಕಿ ಜಾರ್ಜ್ ಫ್ಲಾಯ್ಡ್ ಸತ್ತು ಎರಡು ವಾರ ತುಂಬಿರಲಿಲ್ಲ. ಜೂನ್ 7ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನ ಜನ, ಗುಲಾಮರ ವ್ಯಾಪಾರದಲ್ಲಿ ಹಣ ಮಾಡಿದ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆಗೆ ಹಗ್ಗ ಬಿಗಿದು ಕೆಡವಿದರು. ಬೀದಿಯಲ್ಲಿ ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ನೂಕಿದರು. ಅಮೆರಿಕದ ದಕ್ಷಿಣದಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದ ಸೇನಾನಿಗಳು ಒಬ್ಬೊಬ್ಬರಾಗಿ ಪೀಠ ಇಳಿದರು. ಐದು ವರ್ಷ ಮೊದಲು ಕೇಪ್‌ಟೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಿಸಿಲ್ ರೋಡ್ಸ್‌ನ ಪ್ರತಿಮೆಯನ್ನು ತೆಗೆಸಿದ್ದರು. ಈ ಗದ್ದಲದ ನಡುವೆ ಬೆಂಗಳೂರಿನಲ್ಲಿ ಕಬ್ಬನ್ ಸಾಹೇಬನೂ ಜಾಗ ಬಿಟ್ಟ ಎಂದಾಗ, ಓಹೋ ನಮ್ಮಲ್ಲೂ ಶುರುವಾಯಿತು ಎಂದುಕೊಂಡವರು ಇದ್ದರು. ಹಾಗೇನೂ ಆಗಿರಲಿಲ್ಲ. ಘೋಷಣೆ ಇಲ್ಲ, ಮೆರವಣಿಗೆ ಇಲ್ಲ. ಕೊಟ್ಟ ಕಾರಣ ಹೈಕೋರ್ಟಿನ ಭದ್ರತೆ. ಕ್ರೇನು ಬಂತು, ಕುದುರೆ ಸಮೇತ ಎತ್ತಿಕೊಂಡು ಹೋಯಿತು. ಮರುದಿನ ಪೇಪರಿನಲ್ಲಿ ಕೆಲವು ಇತಿಹಾಸಕಾರರು ತಕರಾರು ತೆಗೆದರು, ಅಲ್ಲಿಗೆ ಮುಗಿಯಿತು. ಒಬ್ಬ ಆಳರಸನನ್ನು ನಾವು ಸ್ಥಳಾಂತರಿಸಿದ್ದು ಸರ್ಕಾರಿ ನೌಕರನ ವರ್ಗಾವಣೆಯ ಹಾಗೆ.

ಆ ಗದ್ದಲವಿಲ್ಲದ ಸುದ್ದಿ ನನ್ನನ್ನು ಕಾಡಿದ್ದು ಬೇರೆ ಕಾರಣಕ್ಕೆ. ಕಬ್ಬನ್ ಬೆಂಗಳೂರಿಗೆ ಬಂದದ್ದು ಹೇಗೆ? ಅವನನ್ನು ಕರೆತಂದ ದಾರಿ ಮದ್ರಾಸಿನಿಂದಲೂ ಬಂದಿರಬಹುದು, ಲಂಡನ್ನಿನಿಂದಲೂ ಬಂದಿರಬಹುದು. ನಿಜವಾಗಿ ಬಾಗಿಲು ತೆರೆದದ್ದು ನಗರ, ಸಾಗರ, ತೀರ್ಥಹಳ್ಳಿ ಸೀಮೆಯ ರೈತರ ಒಂದು ದಂಗೆ. ಅದು ನಡೆಯದಿದ್ದರೆ ಕಬ್ಬನ್ನನಿಗೆ ಪ್ರತಿಮೆಯೂ ಇಲ್ಲ, ಉದ್ಯಾನವೂ ಇಲ್ಲ. ಪ್ರತಿಮೆಯ ಪೀಠದ ತಳದಲ್ಲಿ ನಮ್ಮ ಜಂಬಿಟ್ಟಿಗೆ ಕಲ್ಲಿದೆ ಎಂದು ನಾನು ಹೇಳುವುದು ಅದಕ್ಕೇ.

ಹೊಸನಗರದಿಂದ ಹುಲಿಕಲ್ ಘಾಟಿಯ ದಾರಿ ಹಿಡಿದರೆ ನಗರ ಸಿಗುತ್ತದೆ. ಇದೇ ಬಿದನೂರು. ಕೆಳದಿ ನಾಯಕರ ಕೊನೆಯ ರಾಜಧಾನಿ, ಶಿವಪ್ಪ ನಾಯಕನ ಊರು. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಹೈದರಾಲಿ ಇದನ್ನು ಕಿತ್ತುಕೊಂಡು ಹೈದರ್‌ನಗರ ಎಂದು ಕರೆದ. ಹೈದರ್ ಉದುರಿ ಹೋಗಿ ನಗರ ಮಾತ್ರ ಉಳಿಯಿತು. ಮುಂದೆ ತಾಲೂಕು ಕಚೇರಿ ಕಲ್ಲೂರುಕಟ್ಟೆಗೆ ಹೋದಾಗ ಅದು ಹೊಸನಗರವಾಯಿತು. ತೀರ್ಥಹಳ್ಳಿ ತಾಲೂಕಿಗೂ ಹಿಂದೆ ಕವಲೇದುರ್ಗ ತಾಲೂಕೆಂದೇ ಹೆಸರು. ಕೋಟೆಗಳಿಂದ ಕಚೇರಿಗಳು ಇಳಿದು ಬಂದ ಕಥೆ ಈ ಸೀಮೆಯದ್ದು.

ಕೆಳದಿಯವರ ಆಳ್ವಿಕೆ ಮುಗಿದು ಅರವತ್ತು ವರ್ಷ ಕಳೆದಿದ್ದರೂ ಒಂದು ಪದ ರೈತರ ಬಾಯಲ್ಲಿ ಸತ್ತಿರಲಿಲ್ಲ: ಶಿಸ್ತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಭೂಮಿಯ ಗುಣ ನೋಡಿ ಗೊತ್ತುಮಾಡಿದ ಕಂದಾಯ ಅದು. ಇಷ್ಟು ಕೊಡಬೇಕು, ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆಮೇಲೆ ಬಂದವರೆಲ್ಲ ಶಿಸ್ತಿನ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಪಟ್ಟಿ ಏರಿಸಿದರು. ಕೈ ಬೀಸಿದ್ದಕ್ಕೂ ಕಂದಾಯ ಹುಟ್ಟಿದ್ದು ಹೀಗೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಮೈಸೂರನ್ನು ಒಡೆಯರಿಗೆ ಮರಳಿಸಿದರು. ಮರಳಿಸಿದರು ಎನ್ನುವುದು ದೊಡ್ಡ ಮಾತು. ವರ್ಷಕ್ಕೆ 7 ಲಕ್ಷ ಪಗೋಡ ಕಂಪನಿಗೆ ಕಟ್ಟಬೇಕು, ಅದರ ದುಡ್ಡಿನಲ್ಲಿ ಸಾಕಿದ ಕಂಪನಿಯ ಸೈನ್ಯ ಮೈಸೂರಿನ ಮೈಮೇಲೇ ಕೂತಿರುತ್ತದೆ. ರಾಜ್ಯದ ಹುಟ್ಟುವಳಿಯ ಅರ್ಧದಷ್ಟು ಹೀಗೆ ಹೊರಗೆ ಹೋಗುತ್ತಿತ್ತು. ದಿವಾನ್ ಪೂರ್ಣಯ್ಯ ಇರುವವರೆಗೆ ಹೇಗೋ ನಡೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಖಜಾನೆ ಬರಿದಾಗುತ್ತ ಬಂದು, ಶರ್ತು ಪದ್ಧತಿ ಬಂತು. ಅಮಲ್ದಾರ ಇಷ್ಟು ಹಣ ತಂದೇ ತರುತ್ತೇನೆಂದು ಮೊದಲೇ ಶರ್ತು ಬರೆದುಕೊಡಬೇಕು. ಬೆಳೆ ಬರಲಿ ಬಿಡಲಿ. ಅವನು ಅದನ್ನು ಯಾರ ಬೆನ್ನಿನಿಂದ ಎತ್ತುತ್ತಾನೆ ಎನ್ನುವುದು ಮೈಸೂರಿಗೆ ಕೇಳಿಸುತ್ತಿರಲಿಲ್ಲ. ಅಡಕೆ, ಮೆಣಸು ಬೆಳೆಯುವ ಸೀಮೆ ಶ್ರೀಮಂತ ಸೀಮೆ ಎಂಬ ಹೆಸರು ಬೇರೆ. ಮಳೆಗೆ ಕೊಳೆರೋಗ ಬಂದು ಅಡಕೆಯೆಲ್ಲ ಉದುರಿದ ವರ್ಷದ ತೋಟವನ್ನು ಶ್ರೀರಂಗಪಟ್ಟಣದ ಕಡೆಯ ಗುಮಾಸ್ತ ಯಾವತ್ತಾದರೂ ನೋಡಿದ್ದಾನೆಯೇ?

ನಗರ ಫೌಜುದಾರಿಯನ್ನು, ಅಂದರೆ ಆ ಸೀಮೆಯ ಆಡಳಿತವನ್ನು, ಬಹುಕಾಲ ಫೌಜುದಾರ ರಾಮರಾಯನ ಕಡೆಯವರೇ ಹಿಡಿದಿದ್ದರು. ಇವರು ಬಾಕಿ ಮನ್ನಾ ಮಾಡಿದ ಲೆಕ್ಕ ತೋರಿಸುತ್ತಿದ್ದರು. 1828ರಲ್ಲಿ ಹೊಸ ಫೌಜುದಾರನಾಗಿ ಬಂದ ವೀರರಾಜೇ ಅರಸು ಹಳೆಯ ಕಡತ ಬಿಚ್ಚಿ, ಈ ಮನ್ನಾ ಎಲ್ಲ ಮೋಸ, ಬಾಕಿ ಮತ್ತೆ ಕಟ್ಟಿ ಎಂದ. ಮೋಸ ನಡೆದೂ ಇರಬಹುದು. ನುಂಗಿದವನು ಅಧಿಕಾರಿ, ಕಟ್ಟಬೇಕಾದವನು ರೈತ. ಅಲ್ಲಿಗೆ ಕಟ್ಟೆ ಒಡೆಯಿತು.

1830ರ ಮಳೆಗಾಲದಲ್ಲಿ ಊರಿಂದೂರಿಗೆ ಚೀಟಿಗಳು ಹೋದವು. ರೈತರೆಲ್ಲ ಒಂದೆಡೆ ಸೇರಬೇಕು. ಇದನ್ನೇ ಕೂಟ ಎಂದರು. ದಂಗೆ ಎನ್ನುವುದು ಸರ್ಕಾರದ ಮಾತು, ಕೂಟ ಎನ್ನುವುದು ರೈತರ ಮಾತು. ಕಂದಾಯ ಕೊಡುವುದಿಲ್ಲ ಎಂದು ಕೂತರು, ಅಮಲ್ದಾರರನ್ನು ಎದುರಿಸಿದರು. ದೂರು ಕೇಳಲು ಬಂದ ಅಧಿಕಾರಿಗಳಿಗೆ ಅರ್ಜಿ ಕೊಟ್ಟರು. ಅರ್ಜಿಗೆ ಉತ್ತರವಾಗಿ ಸೈನ್ಯ ಬಂತು.

ಈ ಹೊತ್ತಿಗೆ ಬೂದಿ ಬಸವಪ್ಪ ನಾಯಕ ಕಾಣಿಸಿಕೊಳ್ಳುತ್ತಾನೆ. ಬ್ರಿಟಿಷರ ಕಡತದ ಪ್ರಕಾರ ಅವನ ಅಸಲು ಹೆಸರು ಸಾದರಮಲ್ಲ, ಸಾಮಾನ್ಯ ರೈತನೊಬ್ಬನ ಮಗ. ಕೆಳದಿ ಮನೆತನದ ಮುದ್ರೆಯುಂಗುರಗಳನ್ನು ಇಟ್ಟುಕೊಂಡಿದ್ದ ಒಬ್ಬ ಜಂಗಮರ ಹತ್ತಿರ ಅವನಿದ್ದ, ಅವರು ತೀರಿಕೊಂಡ ಮೇಲೆ ಉಂಗುರಗಳು ಅವನ ಕೈಸೇರಿದವು. ನಾನೇ ನಗರದ ವಾರಸುದಾರ ಎಂದು ಹೊರಟ. ಠಕ್ಕ ಎಂದು ಬರೆದು ಕಡತ ಕೈತೊಳೆದುಕೊಂಡಿದೆ. ಠಕ್ಕನೇ ಇರಬಹುದು. ಆದರೆ ಅವನು ರೈತರಿಗೆ ಕೊಟ್ಟ ಮಾತು ನೋಡಿ: ಹಳೆಯ ಬಾಕಿ ಎಲ್ಲ ಮಾಫಿ, ಕಂದಾಯ ಇಳಿಕೆ. ಉಂಗುರ ಸುಳ್ಳೋ ನಿಜವೋ ಎಂದು ಯಾರು ತಿರುಗಿಸಿ ನೋಡುತ್ತಾರೆ? ಜನ ನಂಬಿದ್ದು ಉಂಗುರವನ್ನಲ್ಲ, ಶಿಸ್ತನ್ನು. ತರೀಕೆರೆಯ ಪಾಳೇಗಾರ ರಂಗಪ್ಪ ನಾಯಕನೂ ಅವನ ಜೊತೆ ಸೇರಿದ.

ಒಡೆಯರ ಕಡೆಯ ದಳದೊಂದಿಗೆ ಬಂದ ಅಣ್ಣಪ್ಪ ಎಂಬವನು ಸಾಗರ ಸೀಮೆಯ ಆನಂದಪುರದ ಕೋಟೆಯಲ್ಲಿ ಕೂಟದವರ ಮುತ್ತಿಗೆಗೆ ಸಿಕ್ಕಿಕೊಂಡ. ಒಳಗೆ ಕಾಳು ತೀರಿತು. ಕೋಟೆ ಬಿಟ್ಟು ಮಾಸೂರಿನ ಕಡೆಗೆ ಹೋಗಬೇಕಾಯಿತು. ಈಗ ಆನಂದಪುರ ದಾಟುವ ಬಸ್ಸಿನವರಿಗೆ ಅದು ಶಿವಮೊಗ್ಗಕ್ಕೂ ಸಾಗರಕ್ಕೂ ನಡುವಿನ ಒಂದು ನಿಲುಗಡೆ ಅಷ್ಟೇ. ಕಾಫಿ ಕುಡಿದು ಹತ್ತುತ್ತಾರೆ.

ಕೊನೆಗೆ ಕಂಪನಿಯ ಸೈನ್ಯವೇ ಇಳಿಯಿತು. 1831ರ ಜೂನ್‌ನಲ್ಲಿ ನಗರ ಅವರ ವಶವಾಯಿತು. ಇಂಗ್ಲಿಷರ ಪಡೆ ಈ ಕೋಟೆಗೆ ಬಂದದ್ದು ಅದು ಮೊದಲ ಸಲವಲ್ಲ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿ ಬಂದು ಕೋಟೆ ಹಿಡಿದಿದ್ದ. ಕೆಲವೇ ತಿಂಗಳಲ್ಲಿ ಟಿಪ್ಪು ಮುತ್ತಿ ಅವನನ್ನು ಸೆರೆಹಿಡಿದ, ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. ಈ ಸಲ ಬಂದವರು ಹಾಗೆ ಹೋಗಲಿಲ್ಲ.

ಗವರ್ನರ್ ಜನರಲ್ ಬೆಂಟಿಂಕ್ ಒಡೆಯರಿಗೆ ಕಾಗದ ಬರೆದ. 1831ರ ಅಕ್ಟೋಬರ್‌ನಲ್ಲಿ ಮುಮ್ಮಡಿಯವರು ಆಡಳಿತ ಬಿಟ್ಟುಕೊಟ್ಟರು. ಅಲ್ಲಿಂದ 1881ರವರೆಗೆ, ಸರಿಯಾಗಿ ಐವತ್ತು ವರ್ಷ, ಮೈಸೂರನ್ನು ಆಳಿದ್ದು ಕಮಿಷನರುಗಳು.

ದಂಗೆಯ ಮೂಲ ಹುಡುಕಲು ಬೆಂಟಿಂಕ್ ನಾಲ್ವರ ಸಮಿತಿ ನೇಮಿಸಿದ: ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಮತ್ತು ಮಾರ್ಕ್ ಕಬ್ಬನ್. ನಾಲ್ವರೂ ಬಿಳಿಯರು. 1833ರ ಡಿಸೆಂಬರ್‌ನಲ್ಲಿ ವರದಿ ಬಂತು. ನಗರದ ರೈತರ ಸಂಕಟ ಮೊದಲ ಬಾರಿಗೆ ಉದ್ದಕ್ಕೆ ಕಾಗದದ ಮೇಲೆ ಬಿದ್ದದ್ದು ಅದರಲ್ಲೇ. ಈ ಲೇಖನ ಬರೆಯುವಾಗ ನಾನೂ ಆ ಋಣದಲ್ಲಿದ್ದೇನೆ. ಆದರೆ ವರದಿ ಎಲ್ಲಿ ಬೆರಳು ತೋರಿಸಿತು, ಎಲ್ಲಿ ತೋರಿಸಲಿಲ್ಲ ಎನ್ನುವುದರಲ್ಲಿ ಅದರ ಬಣ್ಣವಿದೆ. ಲಂಚಕೋರ ಅಮಲ್ದಾರ, ಸ್ವಜನಪಕ್ಷಪಾತಿ ಫೌಜುದಾರ, ದುಂದುಗಾರ ರಾಜ: ಒಟ್ಟಿನಲ್ಲಿ ಕಂದುಬಣ್ಣದವರಿಗೆ ಆಳಲು ಬಾರದು. ವರ್ಷವರ್ಷವೂ ಹೊರಗೆ ಹೋಗುತ್ತಿದ್ದ 7 ಲಕ್ಷ ಪಗೋಡಕ್ಕೂ ನಗರದ ರೈತನ ಬೆನ್ನಿಗೂ ಇದ್ದ ನಂಟು ಆಪಾದಿತರ ಸಾಲಿಗೆ ಬರಲಿಲ್ಲ. ಮುಂದೆ ಬೆಂಟಿಂಕ್‌ಗೇ ತಾನು ಅವಸರಪಟ್ಟೆನೇನೋ ಎನ್ನಿಸಿ, ರಾಜ್ಯದ ಒಂದಷ್ಟು ಭಾಗವನ್ನು ಒಡೆಯರಿಗೆ ಹಿಂದಿರುಗಿಸುವ ಪ್ರಸ್ತಾವ ಕಳಿಸಿದ. ಲಂಡನ್ ಒಪ್ಪಲಿಲ್ಲ.

ತನಿಖೆಗೆ ಬಂದ ಕಬ್ಬನ್ 1834ರಲ್ಲಿ ಕಮಿಷನರ್ ಆಗಿಯೇ ಕೂತ. ಎದ್ದದ್ದು 1861ರಲ್ಲಿ. ನ್ಯಾಯವಾಗಿ ಹೇಳಬೇಕೆಂದರೆ ಅವನು ಕೆಲಸಗಳ್ಳನಲ್ಲ. 769 ತೆರಿಗೆ ತೆಗೆದ. ಕಚೇರಿಯಲ್ಲಿ ಕನ್ನಡ, ಮರಾಠಿ ಉಳಿಸಿದ. ಸಾವಿರದೈನೂರು ಮೈಲಿಗೂ ಮೀರಿ ರಸ್ತೆ ಹಾಕಿಸಿದ, ಅದರ ಮೇಲೆ ಮುನ್ನೂರಕ್ಕೂ ಹೆಚ್ಚು ಸೇತುವೆ. 1800ರಲ್ಲಿ ಹಡಗಿಳಿದವನು ಅರವತ್ತು ವರ್ಷ ಊರ ಕಡೆ ಹೋಗಲಿಲ್ಲ, ಮದುವೆಯಾಗಲಿಲ್ಲ. ಕೊನೆಗೆ ಎಂಬತ್ತೈದರ ವಯಸ್ಸಿನಲ್ಲಿ ಊರಿಗೆ ಹೊರಟು ಸೂಯೆಜ್‌ನಲ್ಲಿ ಪ್ರಾಣಬಿಟ್ಟ. ಆದರೆ ರಾಜ್ಯವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂದು ನಾಲ್ಕು ವಿಭಾಗ ಮಾಡಿದಾಗ ನಾಲ್ಕಕ್ಕೂ ಕೂರಿಸಿದ್ದು ಯುರೋಪಿನ ಸೂಪರಿಂಟೆಂಡೆಂಟರನ್ನು. ನಮ್ಮವರು ಶಿರಸ್ತೇದಾರರಾಗಬಹುದು, ಅಮಲ್ದಾರರಾಗಬಹುದು. ಮೇಲಿನ ಕುರ್ಚಿಗೆ ಚರ್ಮದ ಬಣ್ಣವೇ ಅರ್ಹತೆ. ಬೆಂಗಳೂರಿನಲ್ಲಿ ದಂಡು ಒಂದು ಊರು, ಪೇಟೆ ಇನ್ನೊಂದು ಊರು. 1870ರಲ್ಲಿ ಆ ಎರಡು ಊರುಗಳ ನಡುವಿನ ಬಯಲಿಗೆ ಉದ್ಯಾನ ಬಂದು ಕಬ್ಬನ್ ಹೆಸರು ಹೊತ್ತಿತು. 1927ರಲ್ಲಿ ಅದನ್ನು ಚಾಮರಾಜೇಂದ್ರ ಉದ್ಯಾನ ಎಂದು ಬದಲಿಸಿದ್ದಾರೆ. ಆಟೋದವನಿಗೆ ಆ ಹೆಸರು ಹೇಳಿ ನೋಡಿ.

ಪ್ರತಿಮೆ ಮಾಡಿದವನು ಕಾರ್ಲೊ ಮರೊಚೆಟ್ಟಿ. ಲಂಡನ್ನಿನ ಪಾರ್ಲಿಮೆಂಟಿನ ಹೊರಗೆ ಕತ್ತಿಯೆತ್ತಿ ಕೂತಿರುವ ರಿಚರ್ಡ್ ರಾಜನ ಕುದುರೆಯನ್ನು ಎರಕ ಹೊಯ್ದವನೇ ನಗರದ ದಂಗೆಯ ತನಿಖೆಗೆ ಬಂದವನಿಗೂ ಕುದುರೆ ಮಾಡಿಕೊಟ್ಟ. 1866ರಲ್ಲಿ ದಂಡಿನ ಪೆರೇಡ್ ಮೈದಾನದಲ್ಲಿ ನಿಲ್ಲಿಸಿದರು, ಆಮೇಲೆ ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಯ ಮುಂದಕ್ಕೆ ತಂದರು. ಹಾಗೆ ನೋಡಿದರೆ 2020ರದ್ದು ಅದರ ಮೊದಲ ವರ್ಗಾವಣೆಯೂ ಅಲ್ಲ.

ದಕ್ಷಿಣದಲ್ಲಿ ಬಿಳಿಯರ ಪ್ರತಿಮೆಯೊಂದನ್ನು ಜನ ಬಾಯಿಬಿಟ್ಟು ಬೇಡ ಎಂದದ್ದು ಮೊದಲು ಮದ್ರಾಸಿನಲ್ಲಿ. ಅಲ್ಲಿನ ಮೌಂಟ್ ರೋಡಿನಲ್ಲಿ ಜೇಮ್ಸ್ ನೀಲ್ ನಿಂತಿದ್ದ. 1857ರಲ್ಲಿ ಅಲಹಾಬಾದು, ಕಾನ್ಪುರಗಳಲ್ಲಿ ಸಿಕ್ಕಸಿಕ್ಕವರನ್ನು ನೇಣಿಗೇರಿಸಿದವನು. ಕಾನ್ಪುರದಲ್ಲಿ ನೇಣಿಗೆ ಮೊದಲು ಸೆರೆಯಾಳುಗಳಿಂದ ನೆಲದ ಒಣರಕ್ತ ನೆಕ್ಕಿಸಿ ಜಾತಿ ಕೆಡಿಸಬೇಕೆಂದು ಆಜ್ಞೆ ಬರೆದವನು. 1927ರಲ್ಲಿ ಸ್ವಯಂಸೇವಕರು ಸುತ್ತಿಗೆ ಹಿಡಿದು ಹೋಗಿ ಸೆರೆಮನೆ ಸೇರಿದರು. 1937ರಲ್ಲಿ ರಾಜಾಜಿ ಸರ್ಕಾರ ಬಂದ ಮೇಲೆ ಪ್ರತಿಮೆ ಮ್ಯೂಸಿಯಮ್ಮಿಗೆ ಹೋಯಿತು. ಹುಲಿಕಲ್ ಘಾಟಿಯ ಕೆಳಗಿನ ಕುಂದಾಪುರ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಘಾಟಿಯ ಕೆಳಗಿನವರ ಸರ್ಕಾರ ನೀಲ್‌ನನ್ನು ತೆಗೆದಾಗ, ಮೇಲಿನವರ ರಾಜಧಾನಿಯಲ್ಲಿ ಕಬ್ಬನ್ ಅಲುಗದೆ ಕೂತಿದ್ದ.

ನಮ್ಮ ಕಡೆ ನಿಜವಾಗಿ ಸುತ್ತಿಗೆ ಬಿದ್ದದ್ದು ಸೆನೊಟಾಫ್‌ಗೆ. ಬೆಂಗಳೂರಿನ ಹಡ್ಸನ್ ವೃತ್ತದ ಬಳಿ ಸುಮಾರು 35 ಅಡಿ ಎತ್ತರದ ಸ್ಮಾರಕವದು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಪೇಟೆಗೆ ನುಗ್ಗಿದಾಗ ಸತ್ತ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್ ಮತ್ತಿತರರ ನೆನಪಿಗೆ ಎದ್ದದ್ದು. ಯೋಚಿಸಿ ನೋಡಿ: ಆ ದಿನಗಳಲ್ಲಿ ಪೇಟೆಯ ನೇಕಾರರು, ವರ್ತಕರು, ಕೋಟೆಯೊಳಗಿನ ಕಿಲ್ಲೇದಾರ ಬಹಾದ್ದೂರ್ ಖಾನ್ ಎಲ್ಲರೂ ಸತ್ತರು. ಸ್ಮಾರಕ ಬಂದದ್ದು ಗೋಡೆ ಒಡೆದವರಿಗೆ. ಸ್ವಾತಂತ್ರ್ಯ ಬಂದು 17 ವರ್ಷ ಅದರ ಪಕ್ಕದಲ್ಲೇ ಬಸ್ಸು ಓಡಾಡಿದವು, ರಸ್ತೆಗೂ ಸೆನೊಟಾಫ್ ರಸ್ತೆ ಎಂದೇ ಹೆಸರು. ವಾಟಾಳ್ ನಾಗರಾಜ್ ಮತ್ತು ಕನ್ನಡ ಚಳವಳಿಯವರು ಬೀದಿಗಿಳಿದರು. 1964ರ ಅಕ್ಟೋಬರ್ 28ರಂದು ಬೆಂಗಳೂರು ನಗರ ಕಾರ್ಪೊರೇಷನ್ನೇ ಅದನ್ನು ಕೆಡವಿತು. ರಸ್ತೆ ನೃಪತುಂಗ ರಸ್ತೆಯಾಯಿತು, ಕಾರ್ಪೊರೇಷನ್ ಮುಂದೆ ಕೆಂಪೇಗೌಡರು ನಿಂತರು. ಹಡ್ಸನ್ ಎನ್ನುವ ಹೆಸರು ಮಾತ್ರ ಹೋಗಲಿಲ್ಲ. ಜೋಸೈಯಾ ಹಡ್ಸನ್ ಕನ್ನಡ ಶಾಲೆಗಳನ್ನು ಕಟ್ಟಿದ ಪಾದ್ರಿ. ಒಂದೇ ವೃತ್ತದಲ್ಲಿ ಒಬ್ಬ ಇಂಗ್ಲಿಷನನ್ನು ಕೆಡವಿ ಇನ್ನೊಬ್ಬನನ್ನು ಬಾಯಲ್ಲಿ ಉಳಿಸಿಕೊಂಡವರು ನಾವು. ಕೆಡವಿದ ದಿನ ಅಲ್ಲಿ ಸೇರಿದವರಿಗೆ ಇದು ಹೊಳೆಯಿತೋ ಇಲ್ಲವೋ, ಲೆಕ್ಕ ಸರಿಯಾಗಿಯೇ ಇತ್ತು.

ಶ್ರೀರಂಗಪಟ್ಟಣದಲ್ಲಿ ಸೆನೊಟಾಫಿನ ತಮ್ಮನಂಥ ಕಂಬ ಇನ್ನೂ ನಿಂತಿದೆ. 1799ರಲ್ಲಿ ಟಿಪ್ಪುವಿನ ಕೋಟೆ ಒಡೆಯುವಾಗ ಸತ್ತ ಬ್ರಿಟಿಷ್ ಅಧಿಕಾರಿಗಳಿಗೆ 1907ರಲ್ಲಿ ಮೈಸೂರು ಸರ್ಕಾರವೇ ಕಟ್ಟಿಸಿದ್ದು. ಅಧಿಕಾರಿಗಳಿಗೆ ಹೆಸರು, ಸಿಪಾಯಿಗಳಿಗೆ ಬರೀ ಲೆಕ್ಕ. ಅದೇ ಪುಣೆಯ ಹತ್ತಿರದ ಕೋರೆಗಾಂವ್ ಕಂಬ ನೋಡಿ. ಅದೂ ಕಂಪನಿಯದ್ದೇ, 1818ರ ಜನವರಿ 1ರ ಯುದ್ಧದ್ದೇ. ಆದರೆ ಅದರ ಮೇಲೆ ಮಹಾರ್ ಸಿಪಾಯಿಗಳ ಹೆಸರುಗಳಿವೆ. 1927ರಲ್ಲಿ ಅಂಬೇಡ್ಕರ್ ಅಲ್ಲಿಗೆ ಹೋದರು. ಈಗ ಪ್ರತಿ ಹೊಸವರ್ಷ ಲಕ್ಷಾಂತರ ಜನ ಹೋಗಿ ಕೈಮುಗಿಯುತ್ತಾರೆ. ಕಲ್ಲು ಒಂದೇ ಕುಲುಮೆಯ ಉಳಿಯಿಂದ ಆದದ್ದು. ಕೆತ್ತಿದ ಹೆಸರು ಯಾರದು ಎನ್ನುವುದರ ಮೇಲೆ ಒಂದಕ್ಕೆ ಹೂವು, ಒಂದಕ್ಕೆ ಸುತ್ತಿಗೆ.

ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರದ್ದು ಮೂರನೇ ದಾರಿ. ಬೆಂಗಳೂರಿಗೆ ಬಂದ ರಷ್ಯನ್ನರು ಎಲ್ಲ ಕಟ್ಟಡವೂ ಯುರೋಪಿನ ಮಾದರಿಯದ್ದೇ, ನಿಮ್ಮದೇನೂ ಇಲ್ಲವೇ ಎಂದು ಕೇಳಿದ್ದು ಅವರಿಗೆ ನಾಟಿತು ಎನ್ನುವ ಕಥೆ ಎಲ್ಲರಿಗೂ ಗೊತ್ತು. ಅವರು ಅಠಾರಾ ಕಚೇರಿಯನ್ನು ಮುಟ್ಟಲಿಲ್ಲ, ಎದುರಿಗೆ ವಿಧಾನಸೌಧ ಎಬ್ಬಿಸಿದರು. ಕಬ್ಬನ್ನನ ಮುಂದೆ ಬೂದುಗಲ್ಲಿನ ಬೆಟ್ಟವೇ ಬಂದು ನಿಂತ ಹಾಗಾಯಿತು.

ಕಬ್ಬನ್ ಪ್ರತಿಮೆಯನ್ನು ಕರಗಿಸಬೇಕು ಎನ್ನುವವರ ಜೊತೆ ನಾನಿಲ್ಲ. ನೀಲ್ ಬೇರೆ, ಕಬ್ಬನ್ ಬೇರೆ. ಒಬ್ಬನ ಕೈಯಲ್ಲಿ ನೇಣುಹಗ್ಗ, ಇನ್ನೊಬ್ಬನ ಕೈಯಲ್ಲಿ ಕಡತ. ಆದರೆ ಉದ್ಯಾನಕ್ಕೆ ಸಾಗಿಸುವಾಗ ಒಂದು ಫಲಕವಾದರೂ ಹೊಸದಾಗಿ ಬರೆಸಬಹುದಿತ್ತು. ನಗರದ ರೈತರು ಎದ್ದದ್ದರಿಂದ ಇವನು ಬಂದ ಎಂಬ ಒಂದು ಸಾಲು. ಬೆಳಗಿನ ವಾಕಿಂಗಿಗೆ ಕೈ ಬೀಸಿಕೊಂಡು ಹೋಗುವವರು ಓದಿಕೊಳ್ಳುತ್ತಿದ್ದರು.

ಇಷ್ಟು ಹೇಳಿದ ಮೇಲೆ ನಮ್ಮ ಸೀಮೆಯ ಮುಖಕ್ಕೂ ಕನ್ನಡಿ ಹಿಡಿಯದೆ ಬಿಟ್ಟರೆ ಸರಿಯಲ್ಲ. ಕೂಟ ಕಟ್ಟಿದ ಗೌಡರು, ಪಟೇಲರು ಜಮೀನಿದ್ದವರು. ಅವರ ಮನೆಯಲ್ಲಿ ಹುಟ್ಟಾಳುಗಳಿದ್ದರು, ಮಣ್ಣಾಳುಗಳಿದ್ದರು. ಹುಟ್ಟಾಳು ಎಂದರೆ ಹುಟ್ಟಿನಿಂದಲೇ ಒಡೆಯನ ಆಳು, ಮಣ್ಣಾಳು ಎಂದರೆ ಗದ್ದೆ ಮಾರಿದಾಗ ಗದ್ದೆಯ ಜೊತೆಗೇ ಮಾರಿಹೋಗುವವನು. ಬಹುಪಾಲು ಹೊಲೆಯರು. ಬೂದಿ ಬಸವಪ್ಪ ಮಾಫಿ ಮಾಡಿದ ಬಾಕಿಯಲ್ಲಿ ಅವರ ಬಾಕಿ ಇರಲಿಲ್ಲ. ಕಂದಾಯ ಕಟ್ಟುವ ಭಾಗ್ಯವೇ ಅವರಿಗಿರಲಿಲ್ಲ. 120 ವರ್ಷದ ಮೇಲೆ, 1951ರಲ್ಲಿ, ಸಾಗರ ತಾಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಭೂಮಾಲೀಕರ ಕೊಳಗ ಅಳತೆಗಿಂತ ದೊಡ್ಡದು ಎಂದು ಸತ್ಯಾಗ್ರಹಕ್ಕೆ ಕೂತರಲ್ಲ, ಆಗ ಎದುರಿಗಿದ್ದವನು ಬಿಳಿಯನಲ್ಲ.

ಕೆಳದಿಯ ಹುಟ್ಟಿನ ಕಥೆಯೂ ಹೀಗೇ. ಲಿಂಗಣ್ಣ ಕವಿಯ ಕೆಳದಿನೃಪವಿಜಯದಲ್ಲಿ ಬರುವ ಕಥೆ: ಮನೆತನದ ಮೂಲಪುರುಷ ಚೌಡಪ್ಪನಿಗೆ ನಿಧಿ ಸಿಗಬೇಕಾದರೆ ನರಬಲಿ ಬೇಕು. ಮನೆಯ ಆಳುಗಳಾದ ಎಡವ, ಮುರಾರಿ ಎಂಬಿಬ್ಬರು ಕೊರಳೊಡ್ಡಿದರು. ತಮ್ಮ ಹೆಸರು ಉಳಿಯಬೇಕು ಎಂದಷ್ಟೇ ಕೇಳಿಕೊಂಡರಂತೆ. ಮುಂದಿನ ಕೆಳದಿ ಅರಸರೆಲ್ಲ ಎಡವ ಮುರಾರಿ ಎಂಬ ಬಿರುದು ಹೊತ್ತರು. ಬಲಿಯಾದ ಆಳುಗಳ ಹೆಸರು ಬಲಿಕೊಟ್ಟವರ ಬಿರುದಾಯಿತು. ಕೊಟ್ಟ ಮಾತು ಉಳಿಸಿಕೊಂಡರು ಎಂದು ಮೆಚ್ಚಬೇಕೋ, ಹೆಸರನ್ನೂ ಬಿಡದೆ ತೊಟ್ಟುಕೊಂಡರು ಎನ್ನಬೇಕೋ, ಶಾಸನಗಳಲ್ಲಿ ಆ ಬಿರುದು ಕಂಡಾಗಲೆಲ್ಲ ನನಗೆ ತೀರ್ಮಾನವಾಗುವುದಿಲ್ಲ.

ಸಾಗರದಿಂದ ಇಕ್ಕೇರಿ ದೂರವಿಲ್ಲ. ಅಘೋರೇಶ್ವರ ದೇವಸ್ಥಾನದ ಒಳಗೆ ತಣ್ಣಗಿನ ಕತ್ತಲು, ಎಣ್ಣೆಯ ವಾಸನೆ. ಕಣ್ಣು ಹೊಂದಿಕೊಳ್ಳುವವರೆಗೆ ಕೆಳಗಿನದು ಕಾಣುವುದಿಲ್ಲ. ಆಮೇಲೆ ನೆಲಗಲ್ಲಿನ ಮೇಲೆ ಮೂರು ಆಕೃತಿಗಳು ಕಾಣುತ್ತವೆ. ಮೂವರೂ ಕೆಳದಿಯ ಅರಸರು. ಪೀಠವಿಲ್ಲ, ಕುದುರೆಯಿಲ್ಲ, ದೇವರಿಗೆ ಅಡ್ಡಬಿದ್ದ ಭಂಗಿಯಲ್ಲಿ ನೆಲಕ್ಕೆ ಚಪ್ಪಟೆಯಾಗಿದ್ದಾರೆ. ತಲೆಯ ಮೇಲೆ ಒಬ್ಬೊಬ್ಬರ ಹೆಸರು ಕೊರೆದಿದೆ. ಅವರಲ್ಲಿ ಒಬ್ಬನಿಗೆ ಕೈಗೆ ಬೇಡಿ, ಕಾಲಿಗೆ ಸಂಕೋಲೆ. ಗೆಜೆಟಿಯರು ಅವನನ್ನು ಹುಚ್ಚ ಸೋಮಶೇಖರ ಎಂದು ಗುರುತಿಸುತ್ತದೆ. ಅರಸನನ್ನು ಬೇಡಿ ಹಾಕಿಯೇ ಕೆತ್ತಿದ ಶಿಲ್ಪಿ, ಕೆತ್ತಲು ಬಿಟ್ಟ ಅರಮನೆ, ಇಬ್ಬರೂ ಮರೊಚೆಟ್ಟಿಯ ಲೋಕದವರಲ್ಲ.

ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳ ಸಾಲೊಂದು ಒಳಗೆ ಬರುತ್ತದೆ. ಮೇಷ್ಟ್ರು ಸಾಲಾಗಿ, ಸಾಲಾಗಿ ಎನ್ನುತ್ತಿದ್ದಾರೆ. ಒಬ್ಬ ಹುಡುಗ ಕೆಳಗೆ ನೋಡಿ, ಬೇಡಿಯಿರುವ ಕೈಯನ್ನು ತುಳಿಯದ ಹಾಗೆ ಕಾಲು ಎತ್ತಿಟ್ಟು ದಾಟಿದ. ಹಿಂದಿನವರು ನೋಡಲಿಲ್ಲ. ಕೈ ಬೀಸಿಕೊಂಡು ಅರಸರ ಮೇಲೇ ನಡೆದು ದೇವರ ಮುಂದೆ ಹೋಗಿ ನಿಂತರು.